ಇಲ್ಲದ ಸಿನಿಮಾದ ಮುಖವಾಡ

(ಸಿನಿಮಾ ಆಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳು ಇವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು ಒಂದು ಸುಳ್ಳು ಸಿನಿಮಾವನ್ನು. ಹೆಸರು 'ದಿ ಕೇರ್‌ಫುಲ್ ಮ್ಯಾಸಕರ್ ಆಫ್ ದ ಬೂರ್ಜ್ವಾಸಿ', ಅಂದರೆ ಸಿರಿವಂತ ವರ್ಗದವರ ಜೋಪಾನವಾದ ಕಗ್ಗೊಲೆ. ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಸಾಲುಸಾಲಾಗಿ ಬಂದ ಅಗ್ಗದ ಸ್ಲ್ಯಾಶರ್ (ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ) ಸಿನಿಮಾಗಳಲ್ಲಿ ಇದೂ ಒಂದು ಅನ್ನುವಂತೆ ಕಾಣುತ್ತದೆ. ಹಣವಂತರು ಇದ್ದಾರೆ, ಮುಖವಾಡ ತೊಟ್ಟ ಕೊಲೆಗಾರ ಇದ್ದಾನೆ, ರಕ್ತ ಇದೆ. ಆದರೆ ಆ ದಶಕದಲ್ಲಿ ಅಂಥ ಸಿನಿಮಾ ಯಾವ ಥಿಯೇಟರಿಗೂ ಬಂದಿರಲಿಲ್ಲ. ಅದು ಹುಟ್ಟಿದ್ದು 2016ರಲ್ಲಿ, 'ಮಿಸ್ಟರ್ ರೋಬಾಟ್' ಎಂಬ ಟಿವಿ ಸರಣಿಯ ಎರಡನೇ ಸೀಸನ್‌ಗಾಗಿ. ಸರಣಿಯೊಳಗೆ ಅದರ ತುಣುಕುಗಳು ಬರುತ್ತವೆ. ಅದನ್ನು ಕೆಲವೇ ನಿಮಿಷಗಳ ಕಿರುಚಿತ್ರವಾಗಿ ಬೇರೆಯಾಗಿಯೂ ಮಾಡಿದರು.

ಇಷ್ಟು ಸಣ್ಣ ವಸ್ತುವಿನ ಬಗ್ಗೆ ಒಂದು ಸಂಜೆ ಪೂರ್ತಿ ಮಾತಾಡಬೇಕಾ ಅಂತ ಕೆಲವರಿಗೆ ಅನ್ನಿಸಬಹುದು. ಬೇಕು ಅನ್ನುವುದು ನನ್ನ ನಂಬಿಕೆ. ಹಳೆಯದನ್ನು ಅನುಕರಿಸುವ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ, ಇಷ್ಟು ಪ್ರೀತಿಯಿಂದ ಮಾಡಿದ್ದು ನಾನು ಕಂಡದ್ದು ಕಡಿಮೆ. ಆ ಅನುಕರಣೆ ಸುಮ್ನೆ ಒಂದು ಚಮತ್ಕಾರವಾಗಿ ನಿಲ್ಲುವುದಿಲ್ಲ. ಒಬ್ಬ ಅಣ್ಣ, ಒಬ್ಬ ತಂಗಿ, ಅವರ ಬಾಲ್ಯ, ಅವರ ಸಿಟ್ಟು, ಎಲ್ಲವೂ ಅದರ ಮೇಲೆ ನಿಂತಿವೆ. ಸರಣಿ ನೋಡದವರಿಗೆ ಈಗಲೇ ಹೇಳಿಬಿಡುತ್ತೇನೆ, ಕಥೆಯ ಕೆಲವು ಗುಟ್ಟುಗಳು ಮಾತಿನ ನಡುವೆ ಹೊರಬೀಳುತ್ತವೆ.

ಮೊದಲು ಸರಣಿಯ ವಿಷಯ, ಚುಟುಕಾಗಿ. ಸ್ಯಾಮ್ ಎಸ್ಮೇಲ್ ಸೃಷ್ಟಿಸಿದ ಈ ಸರಣಿ ಅಮೆರಿಕದ ಯುಎಸ್‌ಎ ನೆಟ್‌ವರ್ಕ್ ಚಾನೆಲ್‌ನಲ್ಲಿ 2015ರಿಂದ 2019ರವರೆಗೆ ನಾಲ್ಕು ಸೀಸನ್ ನಡೆಯಿತು. ಎಲಿಯಟ್ ಎಂಬ ಹ್ಯಾಕರ್ ಇದರ ನಾಯಕ. ಆ ಪಾತ್ರ ಮಾಡಿದ ರಾಮಿ ಮಾಲೆಕ್‌ಗೆ 2016ರಲ್ಲಿ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ ಬಂತು. ಎಲಿಯಟ್‌ನ ತಂಗಿ ಡಾರ್ಲೀನ್ ಆಗಿ ಕಾರ್ಲಿ ಚೇಕಿನ್ ನಟಿಸಿದ್ದಾರೆ. 'ಎಫ್‌ಸೊಸೈಟಿ' ಎಂಬ ಇವರ ಗುಂಪು ಇ ಕಾರ್ಪ್ ಎಂಬ ದೈತ್ಯ ಕಂಪನಿಯ ಸಾಲದ ದಾಖಲೆಗಳನ್ನೆಲ್ಲ ಅಳಿಸಿಹಾಕಲು ಹೊರಡುತ್ತದೆ. ಮೊದಲ ಸೀಸನ್ ಪೂರ್ತಿ ಈ ಗುಂಪಿನವರು ಒಂದು ಮುಖವಾಡ ಹಾಕಿಕೊಂಡು ವಿಡಿಯೊ ಬಿಡುತ್ತಾರೆ. ದುಂಡು ಮುಖ, ಮೀಸೆ. ಮೊನಾಪಲಿ ಆಟದ ಡಬ್ಬಿಯ ಮೇಲಿರುವ ಸಾಹುಕಾರನನ್ನು ನೆನಪಿಸುವ ಕಳೆ. ಆ ಸೀಸನ್ ಮುಗಿಯುವ ಹೊತ್ತಿಗೆ ಬೀದಿಗಿಳಿದ ಜನ ಕೂಡ ಅದನ್ನೇ ತೊಟ್ಟಿರುತ್ತಾರೆ. ಆದರೆ ಅದು ಎಲ್ಲಿಂದ ಬಂತು ಅನ್ನುವುದು ನೋಡುಗರಿಗೆ ಗೊತ್ತಿರುವುದಿಲ್ಲ.

ಉತ್ತರ ಸಿಕ್ಕಿದ್ದು 2016ರ ಜುಲೈ 27ರಂದು ಪ್ರಸಾರವಾದ ಕಂತಿನಲ್ಲಿ. ಅದು ಹಿಂದಿನ ಒಂದು ಹ್ಯಾಲೋವೀನ್ (ಅಮೆರಿಕದಲ್ಲಿ ಜನ ದೆವ್ವ ಭೂತದ ವೇಷ ಹಾಕುವ ಹಬ್ಬ) ರಾತ್ರಿಗೆ ನಮ್ಮನ್ನು ಕರೆದೊಯ್ಯುತ್ತದೆ. ಡಾರ್ಲೀನ್ ಅಣ್ಣನ ಮನೆಗೆ ಬರುತ್ತಾಳೆ. ಇಬ್ಬರೂ ಪಕ್ಕಪಕ್ಕ ಕೂತು ಚಿಕ್ಕಂದಿನಲ್ಲಿ ನೋಡುತ್ತಿದ್ದ ಒಂದು ಸಿನಿಮಾ ಹಾಕಿಕೊಳ್ಳುತ್ತಾರೆ. ಅದೇ ಈ ಸುಳ್ಳು ಸಿನಿಮಾ. ಅದರ ಕೊಲೆಗಾರನ ಮುಖವಾಡವೇ ಮುಂದೆ ಎಫ್‌ಸೊಸೈಟಿಯ ಮುಖವಾಡ. ಆ ರಾತ್ರಿ ಎಲಿಯಟ್ ಅದನ್ನು ಹಾಕಿಕೊಳ್ಳುತ್ತಾನೆ, ಅಪ್ಪನ ಅಂಗಡಿಯ ಹೆಸರಿರುವ ಜಾಕೆಟ್ ತೊಡುತ್ತಾನೆ. ತೊಟ್ಟ ಕೂಡಲೇ ಅವನ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಆ ಕಂಪನಿಯನ್ನು ಹೇಗೆ ಮಟ್ಟಹಾಕಬಹುದು ಎಂಬ ಯೋಜನೆ ಅವನ ಬಾಯಿಂದ ಬರತೊಡಗುತ್ತದೆ.

ಇಲ್ಲಿ ನೀವು ಒಂದು ವಿಷಯ ಗಮನಿಸಬೇಕು. ಅಂಗಡಿ ಇಡುವ ಮೊದಲು ಇವರ ಅಪ್ಪ ಕೆಲಸ ಮಾಡುತ್ತಿದ್ದದ್ದು ಅದೇ ಇ ಕಾರ್ಪ್‌ನಲ್ಲಿ. ಕಂಪನಿಯ ಘಟಕದಲ್ಲಿ ವಿಷ ಸೋರಿ, ಅವರಿಗೆ ರಕ್ತದ ಕ್ಯಾನ್ಸರ್ ಬಂದು ತೀರಿಕೊಂಡರು. ಅಂಥ ಮನೆಯ ಮಕ್ಕಳು ಮತ್ತೆ ಮತ್ತೆ ನೋಡಿದ್ದು ಶ್ರೀಮಂತರನ್ನು ಕೊಲ್ಲುವ ಸಿನಿಮಾ! ಇದನ್ನು ಸರಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಅಪ್ಪನನ್ನು ಕೊಂದವರ ಮೇಲೆ ನಮಗೆ ಸಿಟ್ಟಿತ್ತು, ಅದಕ್ಕೇ ಈ ಸಿನಿಮಾ ಇಷ್ಟವಾಗುತ್ತಿತ್ತು' ಎಂಬ ಸಂಭಾಷಣೆ ಒಂದನ್ನು ಬರೆದಿದ್ದರೆ ಎಲ್ಲ ಹಾಳಾಗುತ್ತಿತ್ತು. ಬರೆಯುವ ಬದಲು ಆ ಸಿನಿಮಾವನ್ನೇ ಮಾಡಿ ನಮ್ಮ ಮುಂದೆ ಇಟ್ಟರು.

ಇನ್ನು ಮುಖವಾಡ. ಶ್ರೀಮಂತರನ್ನು ಕೊಲ್ಲುವವನು ತೊಟ್ಟಿರುವುದು ಶ್ರೀಮಂತನದೇ ಮುಖ. ಬಡವರ ಮುಖವನ್ನೋ ದೆವ್ವದ ಮುಖವನ್ನೋ ಅವನು ತೊಟ್ಟಿಲ್ಲ. ಕನ್ನಡಿಯಲ್ಲಿ ತಮ್ಮದೇ ಮುಖ ಕಂಡ ಹಾಗೆ ಅವರು ಸಾಯುತ್ತಾರೆ. ಆಮೇಲೆ ಅದೇ ಮುಖವನ್ನು ಸಾಲದಲ್ಲಿ ಮುಳುಗಿದ ಸಾಮಾನ್ಯ ಜನ ಬೀದಿಯಲ್ಲಿ ತೊಡುತ್ತಾರೆ. ಇಡೀ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯ ಕೆಲಸ ಅನ್ನಿಸಿದ್ದು ಇದೇ.

ಸರಿ, ಆದರೆ ಯಾಕೆ ಸ್ಲ್ಯಾಶರ್? ಮಕ್ಕಳು ಕದ್ದು ನೋಡುವ ಸಿನಿಮಾ ಬೇರೆ ಯಾವುದೂ ಆಗಬಹುದಿತ್ತಲ್ವಾ? ಕರಾಟೆ ಸಿನಿಮಾ, ಬಾಹ್ಯಾಕಾಶದ ಸಿನಿಮಾ, ಏನು ಬೇಕಾದರೂ. ನನ್ನ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ಲ್ಯಾಶರ್‌ಗೂ ಟಿವಿಗೂ ಹಳೇ ನೆಂಟಸ್ತಿಕೆ ಇದೆ. ಇದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

1960ರಲ್ಲಿ ಹಿಚ್‌ಕಾಕ್ 'ಸೈಕೋ' ಮಾಡಿದರು. ಸ್ಲ್ಯಾಶರ್‌ನ ಬೇರು ಹುಡುಕುವವರೆಲ್ಲ ಮೊದಲು ಹೋಗುವುದು ಅಲ್ಲಿಗೇ. ಆ ಹೊತ್ತಿಗೆ ಅವರು ದೊಡ್ಡ ದೊಡ್ಡ ಬಣ್ಣದ ಸಿನಿಮಾ ಮಾಡಿದ್ದ ನಿರ್ದೇಶಕರು. ಆದರೂ ಇದನ್ನು ಕಪ್ಪು ಬಿಳುಪಿನಲ್ಲಿ, ಕಡಿಮೆ ಖರ್ಚಿನಲ್ಲಿ, ತಮ್ಮ ಟಿವಿ ಕಾರ್ಯಕ್ರಮದ ತಂಡವನ್ನೇ ಜಾಸ್ತಿ ಬಳಸಿಕೊಂಡು ಮುಗಿಸಿದರು. ಟಿವಿಯವರಿಗೆ ಬೇಗ ಕೆಲಸ ಮುಗಿಸುವ ಅಭ್ಯಾಸ ಇತ್ತು. ಆದರೆ ಸ್ನಾನದ ಕೋಣೆಯ ಆ ಕೊಲೆಗೆ ಮಾತ್ರ ಏಳು ದಿನ ಕೊಟ್ಟರು. ತೆರೆಯ ಮೇಲೆ ಅದು ಒಂದು ನಿಮಿಷವೂ ಇಲ್ಲ. ರಕ್ತ ಅಂತ ಹರಿಸಿದ್ದು ಚಾಕೊಲೇಟ್ ಸಿರಪ್.

ಮುಂದಿನ ಕೊಂಡಿ 1978ರ 'ಹ್ಯಾಲೋವೀನ್'. ನಿರ್ದೇಶಕ ಜಾನ್ ಕಾರ್ಪೆಂಟರ್. ಬಜೆಟ್ ಮೂರು ಲಕ್ಷ ಡಾಲರಿಗಿಂತ ಸ್ವಲ್ಪ ಜಾಸ್ತಿ, ಹಾಲಿವುಡ್ ಲೆಕ್ಕದಲ್ಲಿ ಏನೇನೂ ಅಲ್ಲ. ಕೊಲೆಗಾರನಿಗೆ ಒಂದು ಮುಖವಾಡ ಬೇಕಿತ್ತು. ತಂಡದ ಟಾಮಿ ಲೀ ವಾಲೇಸ್ ಅಂಗಡಿಯಿಂದ ಎರಡು ಡಾಲರಿಗೂ ಕಡಿಮೆ ಬೆಲೆಯ ಒಂದು ಮುಖವಾಡ ತಂದರು. ಅದು ಯಾರದ್ದು ಗೊತ್ತಾ? 'ಸ್ಟಾರ್ ಟ್ರೆಕ್' ಟಿವಿ ಸರಣಿಯ ಕ್ಯಾಪ್ಟನ್ ಕರ್ಕ್‌ನದು. ಹುಬ್ಬು, ಕೆನ್ನೆಗೂದಲು ತೆಗೆದರು. ಕಣ್ಣಿನ ತೂತು ದೊಡ್ಡದು ಮಾಡಿದರು. ಮೇಲೆ ಬಿಳಿ ಬಣ್ಣ ಹೊಡೆದರು. ಟಿವಿಯ ಪ್ರೀತಿಯ ನಾಯಕನ ಮುಖದಿಂದ ಜೀವಕಳೆಯನ್ನೆಲ್ಲ ಒರೆಸಿಹಾಕಿದಾಗ ಅಮೆರಿಕದ ಸಿನಿಮಾ ಕಂಡ ಅತ್ಯಂತ ಭಯಾನಕ ಮುಖ ಸಿಕ್ಕಿತು. ಇದರಲ್ಲಿ ನಾಯಕಿಯಾದ ಜೇಮಿ ಲೀ ಕರ್ಟಿಸ್, 'ಸೈಕೋ'ದಲ್ಲಿ ಸ್ನಾನದ ಕೋಣೆಯಲ್ಲಿ ಸಾಯುವ ಜಾನೆಟ್ ಲೀ ಅವರ ಮಗಳು. ತಾಯಿ ಸತ್ತ ಜಾಗದಲ್ಲಿ ಮಗಳು ಬದುಕಿ ಉಳಿಯುತ್ತಾಳೆ. ಹೀಗೆ ಕೊನೆಗೆ ಉಳಿಯುವ ಹುಡುಗಿಗೆ ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ 1987ರ ಒಂದು ಪ್ರಬಂಧದಲ್ಲಿ 'ಫೈನಲ್ ಗರ್ಲ್' ಎಂದು ಹೆಸರಿಟ್ಟರು. ಈಗ ಅದು ಎಲ್ಲರ ಬಾಯಲ್ಲೂ ಇದೆ.

1980ರಲ್ಲಿ 'ಫ್ರೈಡೇ ದ ಥರ್ಟೀಂತ್' ಬಂತು. ಅಲ್ಲಿ ರಕ್ತ, ಗಾಯ, ಕೊಯ್ದ ಕತ್ತು ಎಲ್ಲ ಮಾಡಿಕೊಟ್ಟವರು ಟಾಮ್ ಸವೀನಿ. ವಿಯೆಟ್ನಾಂ ಯುದ್ಧದಲ್ಲಿ ಫೋಟೊಗ್ರಾಫರ್ ಆಗಿದ್ದವರು, ನಿಜವಾದ ಗಾಯಗಳನ್ನು ಹತ್ತಿರದಿಂದ ಕಂಡವರು. ಜೇಸನ್ ಎಂಬ ಕೊಲೆಗಾರನ ಹೆಸರಾಂತ ಹಾಕಿ ಮುಖವಾಡ ಮಾತ್ರ ಮೊದಲ ಸಿನಿಮಾದಲ್ಲಿ ಇರಲೇ ಇಲ್ಲ. ಅದು ಬಂದದ್ದು 1982ರ ಮೂರನೇ ಭಾಗದಲ್ಲಿ. ಇನ್ನೊಂದು ಹೊಂದಿಕೆ ಹೇಳುತ್ತೇನೆ. ಆ ಮೊದಲ ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು ಮೇ 9ರಂದು. 'ಮಿಸ್ಟರ್ ರೋಬಾಟ್'ನಲ್ಲಿ ದೊಡ್ಡ ದಾಳಿ ನಡೆಯುವುದೂ ಮೇ 9ರಂದೇ, ಅದಕ್ಕೇ ಅದನ್ನು 'ಫೈವ್ ನೈನ್' ಅನ್ನುತ್ತಾರೆ. ಕಾಕತಾಳೀಯವೇ ಇರಬಹುದು. ಆದರೂ ನನಗೆ ಅದು ಇಷ್ಟ.

ಮೂರನೇ ಕೊಂಡಿ ವಿಸಿಆರ್, ಅಂದರೆ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ಯಂತ್ರ. ಅದರ ಕ್ಯಾಸೆಟ್ಟಿನ ಒಂದು ಬಗೆಯಾದ ವಿಎಚ್‌ಎಸ್ ಜಪಾನಿನಲ್ಲಿ 1976ರಲ್ಲಿ, ಅಮೆರಿಕದಲ್ಲಿ 1977ರಲ್ಲಿ ಮಾರುಕಟ್ಟೆಗೆ ಬಂತು. ಎಂಬತ್ತರ ದಶಕದಲ್ಲಿ ಮನೆಮನೆಗೂ ಹೊಕ್ಕಿತು. ಥಿಯೇಟರಿನಲ್ಲಿ ವಯಸ್ಸು ಕೇಳಿ ಹೊರಗೆ ನಿಲ್ಲಿಸುತ್ತಿದ್ದ ಸಿನಿಮಾವನ್ನು ಮಕ್ಕಳು ಮನೆಯ ಟಿವಿಯಲ್ಲಿ, ಅಪ್ಪ ಅಮ್ಮ ಇಲ್ಲದ ಹೊತ್ತಿನಲ್ಲಿ ನೋಡತೊಡಗಿದರು. ಬ್ರಿಟನ್ನಿನಲ್ಲಿ ಇದೇ ದೊಡ್ಡ ಗಲಾಟೆಯಾಗಿ, 1984ರಲ್ಲಿ ವಿಡಿಯೊ ಕ್ಯಾಸೆಟ್‌ಗಳಿಗಾಗಿಯೇ ಒಂದು ಕಾನೂನು ಬಂತು. ನಮ್ಮಲ್ಲಿ ಕೂಡ ಆ ಕಾಲಕ್ಕೆ ವಿಸಿಆರ್ ಮತ್ತು ಕ್ಯಾಸೆಟ್ ಬಾಡಿಗೆಗೆ ತಂದು, ಕೊಟ್ಟ ಬಾಡಿಗೆ ವಸೂಲಾಗಲಿ ಅಂತ ರಾತ್ರಿಯಿಡೀ ಎರಡು ಮೂರು ಸಿನಿಮಾ ನೋಡಿದವರು ಈ ಕೂಟದಲ್ಲೇ ಇದ್ದೀರಿ. ಕೈ ಎತ್ತಬೇಕಾಗಿಲ್ಲ, ನಗು ನೋಡಿದರೇ ಗೊತ್ತಾಗುತ್ತದೆ.

ನೋಡಿ, ತಂಡ ಟಿವಿಯಿಂದ ಬಂತು, ಮುಖವಾಡ ಟಿವಿಯಿಂದ ಬಂತು, ಮಕ್ಕಳು ನೋಡಿದ್ದು ಟಿವಿಯಲ್ಲಿ. ಹಾಗಾಗಿ ಒಂದು ಟಿವಿ ಸರಣಿ ತನ್ನ ಪಾತ್ರಗಳ ಬಾಲ್ಯಕ್ಕೆ ಸ್ಲ್ಯಾಶರ್ ಆರಿಸಿಕೊಂಡದ್ದು ಬಹಳ ಸಹಜ. ದೊಡ್ಡವರ ಕಣ್ಣು ತಪ್ಪಿಸಿ ಇಬ್ಬರೇ ಕೂತು ನೋಡುವ ಸಿನಿಮಾ ಅದು. ಅಣ್ಣ ತಂಗಿಯ ನಡುವೆ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಲೋಕ ಇತ್ತು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆಯುವುದಿಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹಳೆಯದಾಗಿ ಕಾಣುವಂತೆ ಮಾಡುವುದು ಹೇಗೆ?

ಈಗ ಫೋನಿನಲ್ಲೇ ಫಿಲ್ಟರ್ ಇದೆ. ಒತ್ತಿದರೆ ಚಿತ್ರದ ಮೇಲೆ ಗೆರೆ, ಚುಕ್ಕೆ, ನಡುಕ ಎಲ್ಲ ಬರುತ್ತದೆ. ಆದರೆ ಬಹಳಷ್ಟು ಫಿಲ್ಟರ್‌ಗಳು ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಟ್ಟಿಗೆ ಸೇರಿಸಿಬಿಡುತ್ತವೆ. ಉದ್ದುದ್ದ ಲಂಬ ಗೀರು, ಧೂಳಿನ ಚುಕ್ಕೆ, ರೀಲು ಬದಲಾಗುವಾಗ ಮೂಲೆಯಲ್ಲಿ ಮಿನುಗುವ ದುಂಡು ಗುರುತು, ಇವೆಲ್ಲ ಥಿಯೇಟರಿನಲ್ಲಿ ಓಡಿ ಓಡಿ ಸವೆದ ಫಿಲ್ಮಿನ ಗುರುತುಗಳು. ಕೆಳಗಡೆ ಅಡ್ಡಡ್ಡ ಕುಣಿಯುವ ಪಟ್ಟಿ, ಅಂಚಿನಿಂದ ಆಚೆಗೆ ಸೋರುವ ಕೆಂಪು ಬಣ್ಣ, ಇವು ಕ್ಯಾಸೆಟ್ಟಿನ ಗುರುತುಗಳು. ವಿಎಚ್‌ಎಸ್ ಟೇಪಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ ವಿವರ ಉಳಿಯುತ್ತಿತ್ತು. ಬಣ್ಣಕ್ಕೆ ಸಿಗುತ್ತಿದ್ದ ಜಾಗ ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೇ ಕೆಂಪು ಸೋರುತ್ತದೆ. ರಕ್ತದ ಸಿನಿಮಾಕ್ಕೆ ಇದು ತಾನಾಗಿ ಸಿಕ್ಕ ಅಲಂಕಾರ! ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದ ಹಾಗೆಲ್ಲ ಚಿತ್ರ ಇನ್ನಷ್ಟು ಮಸುಕಾಗುತ್ತಿತ್ತು. ನಿಮ್ಮ ಸಿನಿಮಾ ಥಿಯೇಟರಿನಲ್ಲಿ ನೋಡಿದ ನೆನಪೋ, ಮನೆಯಲ್ಲಿ ನೋಡಿದ ನೆನಪೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಆಮೇಲೆ ಆ ಒಂದರ ದೋಷಗಳನ್ನು ಮಾತ್ರ ತರಬೇಕು. ಎಸ್ಮೇಲ್ ತಂಡ ಮನೆಯ ನೆನಪನ್ನು ಆರಿಸಿಕೊಂಡಿತು, ಅದರಲ್ಲೇ ಉಳಿಯಿತು.

ಟೇಪಿನ ದೋಷಕ್ಕಿಂತ ಕಷ್ಟದ್ದು ಬೆಳಕು. ಆ ಕಾಲದ ಅಗ್ಗದ ಸಿನಿಮಾದಲ್ಲಿ ರಾತ್ರಿ ಅಂದರೆ ನೀಲಿ. ಹಿಂದಿನಿಂದ ಒಂದು ದೊಡ್ಡ ದೀಪ, ನಡುವೆ ಹೊಗೆ. ಮುಖದ ಮೇಲೆ ಗಡುಸು ಬೆಳಕು, ಗೋಡೆಯ ಮೇಲೆ ದಟ್ಟ ನೆರಳು. ಕ್ಯಾಮೆರಾ ಹತ್ತಿರ ಹೋಗುವ ಬದಲು ನಿಂತಲ್ಲಿಂದಲೇ ಝೂಮ್ ಮಾಡುತ್ತದೆ, ಟ್ರಾಲಿ ಹಾಕಲು ಹೊತ್ತು ಹಿಡಿಯುತ್ತದಲ್ಲ. ಹದಿನೇಳರ ಹುಡುಗರ ಪಾತ್ರಕ್ಕೆ ಇಪ್ಪತ್ತೇಳು ವರ್ಷದ ನಟರು. ಸಂಗೀತಕ್ಕೆ ಒಬ್ಬನೇ ಮನುಷ್ಯ, ಒಂದು ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹೊರಡಿಸುವ ವಾದ್ಯ). ಕಾರ್ಪೆಂಟರ್ ತಮ್ಮ 'ಹ್ಯಾಲೋವೀನ್'ಗೆ ತಾವೇ ಕೆಲವೇ ದಿನಗಳಲ್ಲಿ ಸಂಗೀತ ಮಾಡಿಕೊಂಡರು. ಅದರ ಐದು ಎಣಿಕೆಯ ತಾಳ ಇವತ್ತಿಗೂ ಕಿವಿಯಲ್ಲಿ ಕುಟ್ಟುತ್ತದೆ. ಈ ಯಾವುದೂ ಆಗ ಶೈಲಿ ಆಗಿರಲಿಲ್ಲ. ದುಡ್ಡು ಇಲ್ಲದ್ದರಿಂದ ಹುಟ್ಟಿದ ಉಪಾಯಗಳು. ಅನುಕರಿಸುವವನು ಆ ಬಡತನವನ್ನು ಅರ್ಥ ಮಾಡಿಕೊಳ್ಳದೆ ಬರೀ ಹೊರಗಿನ ರೂಪ ಹಿಡಿದರೆ ವೇಷದ ಹಾಗೆ ಕಾಣುತ್ತದೆ.

ಇದಕ್ಕೇ ನನಗೆ ಅಣಕ ಚಿತ್ರಗಳಲ್ಲಿ ಎರಡು ಜಾತಿ ಕಾಣುತ್ತದೆ. ಒಂದು, ಮೇಲೆ ನಿಂತು ನಗುವುದು. 'ನೋಡಿ, ಎಷ್ಟು ಪೆದ್ದು ಸಿನಿಮಾ ಮಾಡುತ್ತಿದ್ದರು' ಅನ್ನುವ ಧೋರಣೆ. ಸ್ಲ್ಯಾಶರ್ ಅಣಕ ಹೊಸದೇನಲ್ಲ. 1981ರಲ್ಲೇ 'ಸ್ಟೂಡೆಂಟ್ ಬಾಡೀಸ್' ಎಂಬ ಅಣಕ ಬಂದಿತ್ತು, ಅಂದರೆ ಆ ಅಲೆ ಇನ್ನೂ ಏರುತ್ತಿದ್ದಾಗಲೇ. ಇನ್ನೊಂದು ಜಾತಿ, ಒಳಗೆ ಇಳಿದು ಮಾಡುವುದು. 1996ರ 'ಸ್ಕ್ರೀಮ್'ನಲ್ಲಿ ವೆಸ್ ಕ್ರೇವನ್ ಸ್ಲ್ಯಾಶರ್‌ನ ನಿಯಮಗಳನ್ನು ಪಾತ್ರಗಳ ಬಾಯಲ್ಲೇ ಹೇಳಿಸಿ ನಗಿಸಿದರು, ಹೆದರಿಸುವುದನ್ನೂ ಬಿಡಲಿಲ್ಲ. 2007ರ 'ಗ್ರೈಂಡ್‌ಹೌಸ್'ನಲ್ಲಿ ಇಲ್ಲದ ಸಿನಿಮಾಗಳ ಟ್ರೈಲರ್‌ಗಳನ್ನು ಸೇರಿಸಿದರು. ಅದರಲ್ಲೊಂದು ಸ್ಲ್ಯಾಶರ್ ಟ್ರೈಲರ್, ಎಲೈ ರಾತ್ ಮಾಡಿದ 'ಥ್ಯಾಂಕ್ಸ್‌ಗಿವಿಂಗ್', 2023ರಲ್ಲಿ ಪೂರ್ತಿ ಸಿನಿಮಾ ಆಗಿಯೇ ಬಂತು. ಹದಿನಾರು ವರ್ಷ ಒಂದು ಸುಳ್ಳು ಸಿನಿಮಾ ಜನರ ತಲೆಯಲ್ಲಿ ಉಳಿದುಕೊಂಡಿತ್ತು ಅಂದರೆ ಸಣ್ಣ ಮಾತಲ್ಲ.

ಟಿವಿಯಲ್ಲಿ ಇದರ ಸೋದರ ಇನ್ನೊಂದಿದೆ. 2014ರ ಅಕ್ಟೋಬರಿನಲ್ಲಿ ಅಡಲ್ಟ್ ಸ್ವಿಮ್ ವಾಹಿನಿ ಬೆಳಗಿನ ಜಾವ ನಾಲ್ಕು ಗಂಟೆಗೆ, ಯಾರೂ ನೋಡದ ಹೊತ್ತಿನಲ್ಲಿ, 'ಟೂ ಮೆನಿ ಕುಕ್ಸ್' ಎಂಬ ಹನ್ನೊಂದು ನಿಮಿಷದ ಕಿರುಚಿತ್ರ ಹಾಕಿತು. ಮಾಡಿದವರು ಕ್ಯಾಸ್ಪರ್ ಕೆಲ್ಲಿ. ಹಳೇ ಕುಟುಂಬ ಧಾರಾವಾಹಿಯ ಶೀರ್ಷಿಕೆ ಗೀತೆಯಂತೆ ಶುರುವಾಗುತ್ತದೆ. ಪಾತ್ರಗಳು ಒಬ್ಬೊಬ್ಬರಾಗಿ ತಿರುಗಿ ನಗುತ್ತಾರೆ, ಹೆಸರು ಬರುತ್ತದೆ, ಅದು ಮುಗಿಯುವುದೇ ಇಲ್ಲ. ಆಮೇಲೆ ಆ ನಗುಮುಖಗಳ ನಡುವೆ ಒಬ್ಬ ಕೊಲೆಗಾರ ನುಸುಳಿರುತ್ತಾನೆ. ಅದೂ ಬಹಳ ಒಳ್ಳೆಯ ಕೆಲಸ. ಆದರೆ ಅದಕ್ಕೆ ತನ್ನ ಹೊರಗೆ ಕಥೆ ಇಲ್ಲ. ಎಲಿಯಟ್, ಡಾರ್ಲೀನ್ ನೋಡುವ ಸಿನಿಮಾಕ್ಕೆ ಇದೆ. ನನಗೆ ಅದು ಒಂದು ಮೆಟ್ಟಿಲು ಮೇಲೆ ಅನ್ನಿಸುವುದು ಅದಕ್ಕೇ.

ಅದೇ ಸೀಸನ್‌ನಲ್ಲಿ ಎರಡು ವಾರದ ಬಳಿಕ, ಆಗಸ್ಟ್ 10ರಂದು, ಎಸ್ಮೇಲ್ ಇದೇ ಉಪಾಯವನ್ನು ಇನ್ನೂ ಧೈರ್ಯವಾಗಿ ಬಳಸಿದರು. ಕಂತು ಶುರುವಾಗುವುದೇ ಒಂದು ಹಳೇ ಕುಟುಂಬ ಹಾಸ್ಯ ಧಾರಾವಾಹಿಯಾಗಿ. ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡಿದ ನಗು. ಎಂಬತ್ತರ ದಶಕದ ಟಿವಿಯ ಆಲ್ಫ್ ಎಂಬ ಗೊಂಬೆ ಪಾತ್ರ ಕೂಡ ಬರುತ್ತದೆ. ಚಾನೆಲ್‌ನವರು ನಡುವಿನ ಜಾಹೀರಾತಿಗೂ ಹಳೇ ಕಾಲದ ರೂಪ ಕೊಟ್ಟರು. ಮೊದಲು ನಗು ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ, ಹೊರಗಿನ ಲೋಕದಲ್ಲಿ ಎಲಿಯಟ್‌ಗೆ ಯಾರೋ ಹೊಡೆಯುತ್ತಿದ್ದಾರೆ. ಆ ನೋವು ಅವನಿಗೆ ತಟ್ಟದಿರಲಿ ಅಂತ ಅವನ ಮನಸ್ಸಿನಲ್ಲಿರುವ ಅಪ್ಪ ಈ ಧಾರಾವಾಹಿಯನ್ನು ಕಟ್ಟಿದ್ದಾರೆ. ಆ ರೆಕಾರ್ಡ್ ಮಾಡಿದ ನಗು ಆಮೇಲೆ ಕೇಳಲು ಆಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಲ್ಯಾಶರ್ ಅವನ ಸಿಟ್ಟಿಗೆ ಮುಖ ಕೊಟ್ಟಿತು. ಹಾಸ್ಯ ಧಾರಾವಾಹಿ ಅವನ ನೋವನ್ನು ಮುಚ್ಚಿತು. ಟಿವಿ ನೋಡುತ್ತಾ ಬೆಳೆದ ಒಂಟಿ ಹುಡುಗನಿಗೆ ಕಷ್ಟ ಬಂದಾಗ ಕೈಗೆ ಸಿಗುವುದು ಟಿವಿಯೇ. ಎಸ್ಮೇಲ್ ಇದನ್ನು ತಮಾಷೆ ಅಂತ ತಳ್ಳಿಹಾಕದೆ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದು ಈ ಕಾರಣಕ್ಕೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಶ್ರೀಮಂತರನ್ನು ಕೊಲ್ಲುವುದನ್ನು ಹೀಗೆ ಮೆಚ್ಚಿಕೊಂಡು ತೋರಿಸುವುದು ಸರಿಯಾ ಸರ್?" ಒಳ್ಳೆಯ ಪ್ರಶ್ನೆ. ಸರಣಿಯನ್ನು ಕೊನೆಯವರೆಗೂ ನೋಡಿದರೆ ಅದು ಮೆಚ್ಚಿಕೊಳ್ಳುವುದಿಲ್ಲ ಅನ್ನುವುದು ತಿಳಿಯುತ್ತದೆ. ದಾಳಿ ಆದ ಮೇಲೆ ಪೆಟ್ಟು ಬೀಳುವುದು ಸಾಮಾನ್ಯ ಜನರಿಗೇ. ಬ್ಯಾಂಕಿನಲ್ಲಿ ಇಟ್ಟ ದುಡ್ಡು ಕೈಗೆ ಸಿಗುವುದಿಲ್ಲ, ನಗರದಲ್ಲಿ ಕರೆಂಟ್ ಹೋಗುತ್ತದೆ, ಕಂಪನಿ ಮತ್ತೆ ಎದ್ದು ನಿಲ್ಲುತ್ತದೆ. ಡಾರ್ಲೀನ್ ಕೂಡ ಎರಡನೇ ಸೀಸನ್‌ನಲ್ಲೇ ನಿಜವಾಗಿ ಒಂದು ಕೊಲೆ ಮಾಡುತ್ತಾಳೆ. ಅಪ್ಪನ ಸಾವಿಗೆ ಕಾರಣವಾದ ಹಗರಣದ ಜೊತೆ ನಂಟಿದ್ದ ಒಬ್ಬ ವಕೀಲೆಯನ್ನು. ಕ್ಯಾಸೆಟ್ಟಿನ ಕೊಲೆ ಮತ್ತು ನಿಜವಾದ ಕೊಲೆಯ ನಡುವಿನ ದೂರವನ್ನು ಸರಣಿ ಅಳೆದು ತೋರಿಸುತ್ತದೆ.

ಇನ್ನೊಬ್ಬರು, ಕಿರುಚಿತ್ರ ಮಾಡುವ ಹುಡುಗಿ, ಕೇಳಿದ್ದು ಕೆಲಸದ ಪ್ರಶ್ನೆ. ಕನ್ನಡದಲ್ಲಿ ಹೀಗೆ ಹಳೇದನ್ನು ಸೃಷ್ಟಿಸಬೇಕಾದರೆ ಎಲ್ಲಿಂದ ಶುರು ಮಾಡಬೇಕು ಅಂತ. ಅಮೆರಿಕದ ಬೇಸಿಗೆ ಶಿಬಿರ, ಹ್ಯಾಲೋವೀನ್ ಕುಂಬಳಕಾಯಿ ತಂದು ಇಲ್ಲಿ ಇಡಬೇಡಮ್ಮ ಅಂದೆ. ನಿನಗೆ ಯಾವ ಹಳೇ ಚಿತ್ರದ ದೋಷಗಳು ಬಾಯಿಪಾಠವೋ ಅಲ್ಲಿಂದ ಶುರು ಮಾಡು. ನಮ್ಮ ಮನೆಗಳ ಅಟ್ಟದಲ್ಲಿ ತೊಂಬತ್ತರ ದಶಕದ ಮದುವೆ ಕ್ಯಾಸೆಟ್‌ಗಳಿವೆ. ಹೃದಯದ ಆಕಾರದೊಳಗೆ ವಧು ವರರ ಮುಖ ತೇಲಿ ಬರುತ್ತದೆ, ತಾಳಿ ಕಟ್ಟುವಾಗ ಸಿನಿಮಾ ಹಾಡು ಜೋರಾಗುತ್ತದೆ, ವಿಡಿಯೊದವರ ಲೈಟು ಕಣ್ಣಿಗೆ ಹೊಡೆದು ಅಜ್ಜಿ ಮುಖ ಮುಚ್ಚಿಕೊಳ್ಳುತ್ತಾರೆ. ಅಂಥ ಒಂದು ಕ್ಯಾಸೆಟ್ಟಿನ ಊಟದ ಪಂಕ್ತಿಯಲ್ಲಿ, ಯಾರ ಕಡೆಯ ನೆಂಟನೆಂದೂ ಗೊತ್ತಿಲ್ಲದ ಒಬ್ಬ ಕೂತಿದ್ದಾನೆ ಅಂದುಕೋ. ಕಥೆ ಅಲ್ಲಿಂದ ಹೊರಡಬಹುದು. ಶೂಟಿಂಗ್ ಆದ ಮೇಲೆ ಫಿಲ್ಟರ್ ಹಾಕಬೇಡ. ಹಳೇ ವಿಸಿಆರ್ ಒಂದು ಹುಡುಕಿ, ಚಿತ್ರವನ್ನು ಟೇಪಿಗೆ ಇಳಿಸಿ, ಟೇಪಿನಿಂದ ಮತ್ತೆ ಕಂಪ್ಯೂಟರಿಗೆ ತಗೋ. ವಿಸಿಆರ್‌ನಲ್ಲಿ ಟೇಪನ್ನು ಓದುವ ಹೆಡ್ ಕ್ಲೀನ್ ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಇನ್ನೊಂದು ಸಲ ಇಳಿಸಿಕೋ. ಎರಡನ್ನೂ ನೋಡಿ, ಕಥೆಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನು ಇಟ್ಟುಕೋ.